ಗಾರೆಯ ತೇಪೆ ಬಿರುಕು ಬಿಟ್ಟರೆ
ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡಿರಬೇಕು; ನೀವೇ ಮೆತ್ತಿದ ತೇಪೆ ಎರಡೇ ದಿನಕ್ಕೆ ಬಿರುಕು ಬಿಟ್ಟು, ಉಜ್ಜಿದರೆ ಪುಡಿ ಉದುರುತ್ತಿರುವುದು ಬಹುಶಃ ಅದಕ್ಕೇ. ಕರಣೆಯ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಉಳಿಯಿಂದ ಕೆತ್ತಿ ತೆಗೆದು, ಸಂದುಗಳ ಧೂಳನ್ನು ಬ್ರಷ್‌ನಿಂದ ಉಜ್ಜಿ. ಹಿಂದಿನ ಸಂಜೆಯೇ ಗೋಡೆಗೆ ಚೆನ್ನಾಗಿ ನೀರು ಹೊಡೆಯಿರಿ. ಗಾರೆ ಹಚ್ಚುವಾಗ ಇಟ್ಟಿಗೆ ತೇವವಾಗಿರಬೇಕು, ನೀರು ಇಳಿಯುತ್ತಿರಬಾರದು. ಒಂದು ಪಾಲು ಸಿಮೆಂಟಿಗೆ ಐದು ಪಾಲು ಜರಡಿ ಹಿಡಿದ ಮರಳು, ದಪ್ಪ 12 ಮಿಲಿಮೀಟರ್ ಸಾಕು. ಮೇಲೆ ಒಣ ಸಿಮೆಂಟ್ ಎರಚಿ ನುಣುಪು ಮಾಡುವ ಆಸೆಯನ್ನು ದಯವಿಟ್ಟು ಬಿಡಿ, ಕೂದಲೆಳೆಯಂಥ ಬಿರುಕುಗಳು ಅಲ್ಲಿಂದಲೇ ಶುರುವಾಗುತ್ತವೆ. ಮರುದಿನದಿಂದ 7 ದಿನ ತೇವ ಆರದಂತೆ ನೀರುಣಿಸಿ. ಮತ್ತೆ ಅದೇ ಗೆರೆಯಲ್ಲಿ ಸೀಳು ಬಂದರೆ ದೋಷ ಗೋಡೆಯದೇ ಇರಬಹುದು. ಆಗ ಎಂಜಿನಿಯರ್‌ಗೆ ತೋರಿಸಿ.