ಆರ್ಕೆಸ್ಟ್ರಾ ಕಛೇರಿಗಳಿಗೆ ಕಪ್ಪು ಜನ ಯಾಕೆ ಕಡಿಮೆ ಬರುತ್ತಾರೆ?

ಅಮೆರಿಕದ ಆರ್ಕೆಸ್ಟ್ರಾ ಕಛೇರಿಗಳಲ್ಲಿ ಕಪ್ಪು ಕೇಳುಗರು ಇಷ್ಟು ಕಡಿಮೆ ಯಾಕೆ, ಆ ಸಂಗೀತ ಅವರಿಗೆ ಹಿಡಿಸುವುದಿಲ್ವಾ ಅಂತ ಕೇಳಿದ್ದೀರಿ. ಹಿಡಿಸುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

1939ರಲ್ಲಿ ವಾಷಿಂಗ್ಟನ್ನಿನ ಒಂದು ದೊಡ್ಡ ಸಭಾಂಗಣ ಗಾಯಕಿ ಮರಿಯನ್ ಆಂಡರ್ಸನ್‌ಗೆ ಜಾಗ ಕೊಡಲಿಲ್ಲ. ಆಕೆ ಕಪ್ಪು ಮಹಿಳೆ, ಅದೇ ಕಾರಣ. ಈಸ್ಟರ್ ಭಾನುವಾರ ಅವರು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಯುರೋಪಿನ ಶಾಸ್ತ್ರೀಯ ಸಂಯೋಜಕ ಶೂಬರ್ಟ್‌ನ ರಚನೆಯೂ ಇತ್ತು, ಕಪ್ಪು ಜನರ ಭಕ್ತಿಗೀತೆಗಳಾದ ಸ್ಪಿರಿಚುವಲ್ ಹಾಡುಗಳೂ ಇದ್ದವು. ಬಯಲಲ್ಲಿ ಸುಮಾರು 75,000 ಜನ, ಕಪ್ಪು ಬಿಳಿ ಎಲ್ಲರೂ ಸೇರಿ ಕೇಳಿದರು. ಕೇಳುವವರು ಆಗಲೂ ಇದ್ದರು. ಬಾಗಿಲು ಮುಚ್ಚಿತ್ತು, ಅಷ್ಟೇ.

ಈಗ ಬಾಗಿಲು ತೆರೆದಿದೆ ನಿಜ. ಆದರೆ ಒಳಗೆ ಏನು ನುಡಿಸುತ್ತಾರೆ? ಕಪ್ಪು ಸಂಯೋಜಕಿ ಫ್ಲಾರೆನ್ಸ್ ಪ್ರೈಸ್ ಅವರ ಮೊದಲ ಸಿಂಫನಿಯನ್ನು (ಹಲವು ಭಾಗಗಳ ದೊಡ್ಡ ಆರ್ಕೆಸ್ಟ್ರಾ ರಚನೆ) ಷಿಕಾಗೋ ಸಿಂಫನಿ ಆರ್ಕೆಸ್ಟ್ರಾ 1933ರಲ್ಲೇ ನುಡಿಸಿತ್ತು. ಆಮೇಲೆ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು. ಅವರ ಎಷ್ಟೋ ಹಸ್ತಪ್ರತಿಗಳು ಸಿಕ್ಕಿದ್ದು 2009ರಲ್ಲಿ, ಇಲಿನಾಯ್‌ನ ಒಂದು ಪಾಳುಮನೆಯಲ್ಲಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಸಂಸ್ಥೆ 1883ರಲ್ಲಿ ಶುರುವಾದದ್ದು; ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಕಪ್ಪು ಸಂಯೋಜಕರೊಬ್ಬರ ಒಪೆರಾ ಅಲ್ಲಿ ಮೊದಲ ಸಲ ನಡೆದದ್ದು 2021ರಲ್ಲಿ! ವೇದಿಕೆಯಲ್ಲಿ ತನ್ನವರು ಯಾರೂ ಕಾಣಿಸದಿದ್ದರೆ ಯಾರಾದರೂ ಸುಮ್ನೆ ದುಡ್ಡು ಕೊಟ್ಟು ಯಾಕೆ ಬರುತ್ತಾರೆ ಹೇಳಿ.

ಇನ್ನೊಂದು, ಸಭಾಂಗಣದ ಮಡಿ. ಪ್ರೈಸ್ ಅವರ ಆ ಸಿಂಫನಿಯ ಮೂರನೇ ಭಾಗ ಜೂಬಾ. ಗುಲಾಮರು ಚಪ್ಪಾಳೆ ತಟ್ಟಿ, ತೊಡೆ ಬಡಿದು, ಕಾಲು ಕುಟ್ಟಿ ತಾಳ ಹಿಡಿಯುತ್ತಿದ್ದ ಕುಣಿತ ಅದು. ನಾನು ಹೋಗಿದ್ದ ಒಂದು ಕಛೇರಿಯಲ್ಲಿ ಆ ಭಾಗ ಮುಗಿದ ಕೂಡಲೇ ಹಿಂದಿನ ಸಾಲಿನಲ್ಲಿದ್ದ ಕಪ್ಪು ಕುಟುಂಬವೊಂದು ಖುಷಿಯಿಂದ ಚಪ್ಪಾಳೆ ತಟ್ಟಿತು. ಸಿಂಫನಿ ಪೂರ್ತಿ ಮುಗಿಯುವವರೆಗೆ ತಟ್ಟಬಾರದು ಅನ್ನುವುದು ಅಲ್ಲಿನ ರೂಢಿ. ಮುಂದಿನವರು ತಿರುಗಿ ದುರುಗುಟ್ಟಿ ನೋಡಿದರು. ಚಪ್ಪಾಳೆಯಿಂದಲೇ ಹುಟ್ಟಿದ ಸಂಗೀತಕ್ಕೆ ಚಪ್ಪಾಳೆ ತಟ್ಟಿದ್ದು ತಪ್ಪಾಯಿತು! ನನಗೆ ತುಂಬಾ ಬೇಜಾರಾಯಿತು. ಆ ಮಕ್ಕಳು ಇನ್ನೊಂದು ಸಲ ಬರುತ್ತಾರಾ?

ಬ್ರಿಟನ್ನಿನಲ್ಲಿ ಸಂಗೀತಗಾರ್ತಿ ಚಿ-ಚಿ ನ್ವಾನೊಕು 2015ರಲ್ಲಿ ಚಿನೆಕೆ ಆರ್ಕೆಸ್ಟ್ರಾ ಕಟ್ಟಿದರು. ಅದರಲ್ಲಿ ನುಡಿಸುವವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಜನಾಂಗದವರು. ನನಗೆ ಸರಿ ಅನ್ನಿಸುವ ದಾರಿ ಅದು. ವರ್ಷಕ್ಕೊಂದು 'ವಿಶೇಷ ಕಛೇರಿ' ಇಟ್ಟರೆ ಆ ಒಂದು ರಾತ್ರಿ ಹಾಲ್ ತುಂಬೀತು, ಮುಂದಿನ ವಾರ ಮತ್ತೆ ಹಳೇ ಪಟ್ಟಿ, ಹಳೇ ಮುಖಗಳು. ಪ್ರೈಸ್ ಅವರನ್ನು ಬೀಥೋವನ್ ಜೊತೆ, ಮಾಮೂಲಿ ವಾರದಲ್ಲಿ, ಮಾಮೂಲಿ ಟಿಕೆಟ್ಟಿಗೆ ನುಡಿಸಬೇಕು.