ಶಾರ್ಟ್ ಫಿಲ್ಮ್‌ಗೆ ಕೋತಿ ಬೇಡ

ಮಲ್ಲೇಶ್ವರದಲ್ಲಿ ಒಂದೇ ದಿನದ ಶೂಟಿಂಗ್, ಆಡಿಸುವವರೇ ಜೊತೆಗಿರುತ್ತಾರೆ, ಕೋತಿ ಬಳಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಇವನ್ನು ಪ್ರದರ್ಶನಕ್ಕೆ ಪಳಗಿಸುವುದನ್ನೇ ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿದೆ. ಒಂದೇ ದಿನ ಅಂದರೂ ಅಷ್ಟೇ.

ಕಾನೂನು ಹಾಗಿರಲಿ, ಆ ಕೋತಿ ಎರಡು ಕಾಲಲ್ಲಿ ನಡೆಯುವುದು ಖುಷಿಗಲ್ಲ. ಮರಿಯಿದ್ದಾಗಲೇ ತಾಯಿಯಿಂದ ಕಿತ್ತುಕೊಂಡು, ಕತ್ತಿನ ಹಗ್ಗ ಮೇಲಕ್ಕೆ ಜಗ್ಗಿ, ಕೈ ನೆಲಕ್ಕೆ ಊರಿದರೆ ಕೋಲಲ್ಲಿ ಹೊಡೆದು ಕಲಿಸಿರುತ್ತಾರೆ. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರಕ್ಕೆ ಬಿಡಿಸಿ ತಂದ ಕುಣಿತದ ಕರಡಿಗಳಿಗೂ ಆಡಿಸುವವರು ಹೀಗೇ, ಕಾದ ಸೂಜಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸಿದ್ದರು.

ಕಥೆಗೆ ಸಾಕುನಾಯಿ ಸಾಕು ಅಂದರೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತಗೊಳ್ಳಿ, ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತೀರಿ. ಕೋತಿ ಬೇಕೇ ಬೇಕು ಅಂದರೆ ಗ್ರಾಫಿಕ್ಸ್ ಮಾಡಿಸಿ. ಬಜೆಟ್ ಇಲ್ವಾ? ಡೋಲಿನ ಸದ್ದು, ನೋಡುವ ಮಕ್ಕಳ ಮುಖ ಇಷ್ಟೇ ತೋರಿಸಿ.