ಹರಳೆಣ್ಣೆ, ಡಾಲ್ಡಾ ಡಬ್ಬ, ನಮ್ಮ ಅತ್ತಮ್ಮ

‘ಹಿಂದಿನ ಕಾಲದಲ್ಲಿ ಹಳ್ಳಿ ಮನೆಗಳಲ್ಲಿ ದಿನಬಳಕೆಗೆ ಏನೇನು ಇರ್ತಿತ್ತು? ಹುಷಾರಿಲ್ಲದಿದ್ರೆ ಏನು ಮನೆಮದ್ದು ಮಾಡ್ತಿದ್ರು? ಅದರಿಂದ ನಿಜವಾಗ್ಲೂ ವಾಸಿ ಆಗ್ತಿತ್ತಾ?’ ಅಂತ ಕೇಳಿದ್ದೀರಿ. ಪ್ರಶ್ನೆ ಮೂರು. ನಮ್ಮ ಮನೆಯ ಮಟ್ಟಿಗೆ ಮೂರಕ್ಕೂ ಉತ್ತರ ಒಂದೇ: ಹರಳೆಣ್ಣೆ.

ನಮ್ಮೂರು ಗೌರಿಬಿದನೂರು ತಾಲ್ಲೂಕಿನಲ್ಲಿ, ಆಂಧ್ರದ ಹಿಂದೂಪುರದ ಕಡೆಗೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗುವವರೆಗೂ ನಾವು ಕೋಲಾರ ಜಿಲ್ಲೆಯವರು. ನಾನು ಹುಟ್ಟಿದ್ದು ನಯಾಪೈಸೆ ಬಂದ 1957ರಲ್ಲಿ. ಮನೆಯ ಯಜಮಾನಿಕೆ ನಮ್ಮಪ್ಪನ ಸೋದರತ್ತೆಯದು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಊರಿಗೆಲ್ಲ ಅತ್ತಮ್ಮ. ಕನ್ನಡದಲ್ಲೇ ಮಾತಾಡುತ್ತಿದ್ದವಳು ಕೋಪ ಬಂದರೆ ತೆಲುಗಿಗೆ ಜಾರುತ್ತಿದ್ದಳು. ಅವಳ ಬಾಯಲ್ಲಿ ತೆಲುಗು ಬಂತು ಅಂದರೆ ನಾವು ಹಿತ್ತಲ ಬಾಗಿಲು ಹುಡುಕುತ್ತಿದ್ದೆವು. ನಯಾಪೈಸೆಯನ್ನು ಅವಳು ಕೊನೆವರೆಗೂ ಒಪ್ಪಲಿಲ್ಲ. ಒಂದಾಣೆಗೆ ಆರೂಕಾಲು ಪೈಸೆ ಆಗಬೇಕು, ಅಂಗಡಿಯವನು ಆರೇ ಲೆಕ್ಕ ಹಿಡೀತಾನೆ, ಉಳಿದ ಕಾಲು ಪೈಸೆ ಎಲ್ಲಿ ಹೋಯ್ತು ಅನ್ನೋದು ಅವಳ ತಕರಾರು. ಅಂಗಡಿಯವನು ಎದುರು ಬಂದಾಗಲೆಲ್ಲ ‘ನನ್ ಕಾಲು ಪೈಸೆ’ ಅಂತ ನೆನಪಿಸದೆ ಬಿಡುತ್ತಿರಲಿಲ್ಲ. ಪಾಪ, ಅವನು ರಸ್ತೆ ಬದಲಾಯಿಸುತ್ತಿದ್ದ.

ಸಂತೆಯಿಂದ ಮನೆಗೆ ಬರುತ್ತಿದ್ದದ್ದು ಕಡಿಮೆ. ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ, ಹೊಗೆಸೊಪ್ಪು, ಹಿಂದೂಪುರದ ಬೆಲ್ಲ, ಬಟ್ಟೆ ಒಗೆಯೋ 501 ಸೋಪಿನ ಬಾರು. ಸೋಪನ್ನು ದಾರ ಹಾಕಿ ಕತ್ತರಿಸಿ ತುಂಡು ತುಂಡಾಗಿ ಕೊಡುತ್ತಿದ್ದಳು. ಮಿಕ್ಕದ್ದೆಲ್ಲ ಹೊಲ, ಹಿತ್ತಲು, ಬೇಲಿಯಲ್ಲೇ. ತಲೆಗೆ ಸೀಗೆಪುಡಿ, ರೇಷ್ಮೆ ಸೀರೆಗೆ ಅಂಟುವಾಳಕಾಯಿ, ಬಟ್ಟೆಯ ರಾಶಿಗೆ ಕೆರೆಯಂಗಳದ ಚೌಳು ಮಣ್ಣು. ಅಳತೆ ಸೇರು, ಪಾವು, ಚಟಾಕು. ಶಾಲೆಯಲ್ಲಿ ಮಾತ್ರ ಕಿಲೋ, ಲೀಟರು.

ಈಗಿನ ಮನೆಗೂ ಆಗಿನ ಮನೆಗೂ ನನಗೆ ಕಾಣುವ ವ್ಯತ್ಯಾಸ ಇದು: ಈಗ ಒಂದೊಂದು ಕೆಲಸಕ್ಕೆ ಒಂದೊಂದು ಬಾಟ್ಲಿ. ಆಗ ಒಂದೊಂದು ಪದಾರ್ಥಕ್ಕೆ ಮೂರು ಮೂರು ಕೆಲಸ. ಹುಣಸೆಹಣ್ಣು ಸಾರಿಗೆ, ಹಿತ್ತಾಳೆ ದೀಪ ಬೆಳಗೋಕೆ, ಉಪ್ಪಿನ ಜೊತೆ ಕುದಿಸಿ ಉಳುಕಿದ ಕಾಲಿಗೆ ಪಟ್ಟು ಹಾಕೋಕೆ. ಸುಣ್ಣ ಗೋಡೆಗೆ, ಎಲೆಅಡಿಕೆಗೆ, ಬೆಲ್ಲದ ಜೊತೆ ಕಲಸಿ ಕುರುವಿಗೆ. ಹೊಂಗೆ ಎಣ್ಣೆ ದೀಪಕ್ಕೆ, ಎತ್ತಿನ ಹೆಗಲ ಹುಣ್ಣಿಗೆ, ನಮ್ಮ ಕಜ್ಜಿಗೆ. ಕಜ್ಜಿಗೆ ಹೊಂಗೆ ಎಣ್ಣೆ ಹಚ್ಚಿಕೊಂಡು ಶಾಲೆಗೆ ಹೋದವನ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಕಜ್ಜಿ ಹರಡದೆ ಇದ್ದದ್ದಕ್ಕೆ ಅರ್ಧ ಕಾರಣ ಅದೇ ಅನ್ನೋದು ನನ್ನ ಅನುಮಾನ.

ಇವೆಲ್ಲದರ ರಾಜ ಹರಳೆಣ್ಣೆ. ದೇವರ ದೀಪಕ್ಕೆ ಅದೇ, ನೆತ್ತಿಗೆ ಅದೇ, ಬಂಡಿ ಅಚ್ಚಿನ ಕೀಲೆಣ್ಣೆಗೂ ಅದೇ, ನಮ್ಮ ಹೊಟ್ಟೆಗೂ ಅದೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ಹರಳೂ ಬೆಳೆಯುತ್ತಿತ್ತು. ಕಾಯಿಯನ್ನು ಅಂಗಳದಲ್ಲಿ ಒಣಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಪಟ್ ಪಟ್ ಅಂತ ಸಿಡಿದು ಬೀಜ ಗೋಡೆಗೆ ಹೊಡೆಯುತ್ತಿತ್ತು. ಬೀಜವನ್ನು ಹುರಿದು, ಒರಳಲ್ಲಿ ಕುಟ್ಟಿ, ಮಣ್ಣಿನ ಗುಡಾಣದಲ್ಲಿ ನೀರು ಹಾಕಿ ಅತ್ತಮ್ಮ ಕುದಿಸುತ್ತಿದ್ದಳು. ಎಣ್ಣೆ ಮೇಲೆ ತೇಲುತ್ತಿತ್ತು. ಅದನ್ನು ಸೌಟಿನಲ್ಲಿ ತೆಗೆದು, ನೀರಿನ ಚಟಪಟ ನಿಲ್ಲುವವರೆಗೂ ಮತ್ತೆ ಕಾಯಿಸಿದರೆ ಮುಗಿಯಿತು. ಆ ದಿನ ಮೂರು ಬೀದಿ ಆಚೆಗೂ ವಾಸನೆ. ಬೀಜದಲ್ಲಿ ರಿಸಿನ್ ಅನ್ನೋ ಘೋರ ವಿಷ ಇದೆ, ಅದು ಎಣ್ಣೆಗೆ ಇಳಿಯೋದಿಲ್ಲ, ಬಿಸಿಗೆ ಕೆಟ್ಟುಹೋಗುತ್ತೆ ಅಂತ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅತ್ತಮ್ಮನಿಗೆ ಗೊತ್ತಿದ್ದದ್ದು ‘ಹಸೀ ಬೀಜ ಬಾಯಿಗಿಟ್ರೆ ಸಾಯ್ತೀರಾ’ ಅನ್ನೋ ಒಂದು ವಾಕ್ಯ. ಅಷ್ಟೇ ಸಾಕಾಗಿತ್ತು.

ಬೇಸಿಗೆ ರಜೆ ಮುಗಿಯೋ ಮುಂಚಿನ ಭಾನುವಾರ ಮನೆಮಕ್ಕಳಿಗೆಲ್ಲ ಹರಳೆಣ್ಣೆ. ಕಾಯಿಲೆ ಇರಲಿ ಬಿಡಲಿ. ರಜೆಯಲ್ಲಿ ತಿಂದ ಮಾವು, ನೇರಳೆ, ಕದ್ದ ಕಡಲೆಕಾಯಿ ಎಲ್ಲದರ ಲೆಕ್ಕ ಒಂದೇ ದಿನ ತೀರಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂರಿಸಿ, ಒಳಲೆಯಲ್ಲಿ (ಮಕ್ಕಳಿಗೆ ಕುಡಿಸೋ ಪುಟ್ಟ ಬಟ್ಟಲು) ಬಿಸಿ ಶುಂಠಿ ಕಷಾಯಕ್ಕೆ ಎಣ್ಣೆ ಬೆರೆಸಿ, ಒಂದು ಕೈಯಲ್ಲಿ ಮೂಗು ಹಿಡಿದು ‘ನೋರು ತೆರವರಾ’ ಅನ್ನುತ್ತಿದ್ದಳು. ತೆಲುಗು ಬಂದಿತಲ್ಲ, ಬಾಯಿ ತಾನಾಗಿ ತೆರೆಯುತ್ತಿತ್ತು.

ಇಲ್ಲಿ ಡಾಲ್ಡಾ ಡಬ್ಬದ ವಿಷಯ ಹೇಳಬೇಕು. ಹಳದಿ ಡಬ್ಬ, ಮೇಲೆ ಹಸಿರು ಮರದ ಚಿತ್ರ. ಡಾಲ್ಡಾ ನಮ್ಮ ಮನೆಗೆ ಬರುತ್ತಿದ್ದದ್ದು ಮದುವೆಗೆ ಮಾತ್ರ, ಆದರೆ ಡಬ್ಬ ತಲೆತಲಾಂತರ ಬಾಳುತ್ತಿತ್ತು. ನನ್ನ ಸೋದರತ್ತೆಯ ಮದುವೆಯಲ್ಲಿ ಬಂದ ಡಬ್ಬಗಳಲ್ಲಿ ಒಂದರಲ್ಲಿ ರಾಗಿಹಿಟ್ಟು, ಒಂದರಲ್ಲಿ ತುಳಸಿ ಸಸಿ, ಮಿಕ್ಕ ಮೂರು ಬಯಲಿಗೆ ಹೋಗುವಾಗ ನೀರು ಒಯ್ಯೋಕೆ. ಆಗ ಕಕ್ಕಸು ಅಂದರೆ ಬೇಲಿಯ ಆಚೆ, ಅಷ್ಟೆ. ಒಂದು ವರ್ಷ ಹರಳೆಣ್ಣೆ ಕುಡಿದವರು ಆರು ಜನ, ಡಬ್ಬ ಮೂರು. ಲೆಕ್ಕ ಮೊದಲೇ ತಪ್ಪಿತ್ತು.

ಒಂಬತ್ತು ಗಂಟೆಗೆ ಶುರುವಾಯಿತು. ಮೂವರು ಡಬ್ಬ ಹಿಡಿದು ಓಡಿದರು. ನಾನು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ‘ಬಂದ್ರಾ? ಬಂದ್ರಾ?’ ಅಂತ ಕೂಗುತ್ತಿದ್ದೆ. ಐದನೆಯವನು, ಚಿಕ್ಕಪ್ಪನ ಕೊನೇ ಮಗ, ಕೂಗಲಿಲ್ಲ. ಮೆಲ್ಲಗೆ ಹೋಗಿ ತುಳಸಿ ಸಸಿಯನ್ನು ಬೇರುಮಣ್ಣಿನ ಸಮೇತ ಎತ್ತಿ, ಕಲ್ಲಿನ ಮೇಲೆ ಜೋಪಾನವಾಗಿ ಇಟ್ಟು, ಡಬ್ಬಕ್ಕೆ ನೀರು ತುಂಬಿಕೊಂಡು ಹೊರಟ. ಡಬ್ಬದ ತಳದಲ್ಲಿ ಮೊಳೆ ಹೊಡೆದ ತೂತು ಇತ್ತು. ದಾರಿಯುದ್ದಕ್ಕೂ ನೀರಿನ ಗೆರೆ. ಅವನ ಓಟ ನೋಡಿದರೆ ಯಾರಿಗಾದರೂ ಕರುಣೆ ಬರಬೇಕು. ಹಿಂದಿರುಗಿ ಬರುವಾಗ ಕುಂಟೆಯ ನೀರಿನಲ್ಲಿ ಡಬ್ಬವನ್ನು ಮಣ್ಣು ಹಾಕಿ ಮೂರು ಸಲ ಉಜ್ಜಿ ತೊಳೆದು, ಸಸಿಯನ್ನು ವಾಪಸ್ಸು ನೆಟ್ಟು, ಕೈ ಮುಗಿದ. ನೋಡಿದವನು ನಾನೊಬ್ಬನೇ. ಬಾಯಿ ಬಿಡದಿರಲು ನನಗೆ ನಾಲ್ಕು ಗೋಲಿ ಸಿಕ್ಕಿತು.

ಆ ವರ್ಷ ತುಳಸಿ ಸೊಂಪಾಗಿ ಬೆಳೆಯಿತು. ಅತ್ತಮ್ಮ ದಿನಾ ಪೂಜೆ ಮಾಡಿ, ದಳ ಕಿತ್ತು ತೀರ್ಥಕ್ಕೆ ಹಾಕಿ ಎಲ್ಲರಿಗೂ ಕೊಡುತ್ತಿದ್ದಳು. ಗುಟ್ಟು ಹೊರಬಿದ್ದದ್ದು ಅವನ ಮದುವೆಯ ದಿನ, ನನ್ನ ಬಾಯಿಂದಲೇ. ಗೋಲಿಯ ಅವಧಿ ಮುಗಿದಿತ್ತು ಅಂದುಕೊಳ್ಳಿ. ಅತ್ತಮ್ಮನಿಗೆ ಆಗ ಎಂಬತ್ತು ದಾಟಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹೋಗ್ಲಿ ಬಿಡು, ಎಣ್ಣೆ ಚೆನ್ನಾಗ್ ಕೆಲಸ ಮಾಡಿತ್ತು ಅನ್ನು’ ಅಂದಳು.

ನಿಜವಾಗ್ಲೂ ವಾಸಿ ಆಗ್ತಿತ್ತಾ ಅಂದಿರಲ್ಲ. ಹರಳೆಣ್ಣೆ ಭೇದಿ ಮಾಡಿಸುತ್ತೆ ಅನ್ನೋದರಲ್ಲಿ ಅನುಮಾನವೇ ಬೇಡ. ಅದರ ಇನ್ನೊಂದು ಗುಣ ಯಾವ ಪುಸ್ತಕದಲ್ಲೂ ಇಲ್ಲ. ಸೋಮವಾರ ಬೆಳಗ್ಗೆ ಬರುವ ಹೊಟ್ಟೆನೋವು, ತಲೆನೋವು, ಕಾಲು ಸೆಳೆತ ಅದರ ಹೆಸರು ಕೇಳಿದ ಕೂಡಲೇ ಮಾಯವಾಗುತ್ತಿದ್ದವು. ‘ಬಾ ಮಗಾ, ಎಣ್ಣೆ ಐತೆ’ ಅಂದರೆ ಸಾಕು, ನಾವು ಆಗಲೇ ಸ್ಲೇಟು ಹಿಡಿದು ಬೀದಿಯಲ್ಲಿರುತ್ತಿದ್ದೆವು.

ಎಣ್ಣೆಯನ್ನೂ ಮೀರಿದ ಒಂದು ಚಿಕಿತ್ಸೆ ನಮ್ಮೂರಲ್ಲಿತ್ತು. ಸೊಂಟ ಹಿಡಿದುಕೊಂಡರೆ, ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಬಿಡುತ್ತೆ ಅನ್ನೋ ನಂಬಿಕೆ. ನಮ್ಮ ಓರಗೆಯಲ್ಲಿ ಹಾಗೆ ಹುಟ್ಟಿದವನು ಕುರಿ ಕಾಯುವ ಒಬ್ಬ ಹುಡುಗ, ಒಂಬತ್ತೋ ಹತ್ತೋ ವರ್ಷ. ಒಂದು ಸಲ ಪಟೇಲರಿಗೇ ಸೊಂಟ ಹಿಡಿಯಿತು. ಪಟೇಲಿಕೆಯನ್ನು ಸರ್ಕಾರ 1961ರ ಕಾಯ್ದೆ ಮಾಡಿ ತೆಗೆದುಹಾಕಿತ್ತು, ಆದರೆ ಅವರ ಮೀಸೆಗೆ ಆ ಸುದ್ದಿ ತಲುಪಿರಲಿಲ್ಲ. ಎರಡು ದಿನ ಹುಣಸೆ ಪಟ್ಟು, ಎಕ್ಕದ ಎಲೆಯ ಶಾಖ ಎಲ್ಲ ಆಗಿ, ಮೂರನೇ ದಿನ ಹುಡುಗನಿಗೆ ಹೇಳಿಕಳಿಸಿದರು. ಪಟೇಲರು ಕಂಬ ಹಿಡಿದು ಬಗ್ಗಿ ನಿಂತರು. ಹುಡುಗ ನಡುಗುತ್ತಾ ಹೆಬ್ಬೆರಳಲ್ಲಿ ಮುಟ್ಟಿದ. ‘ಲೇ, ಸರಿಯಾಗಿ ಒದೆಯೋ’ ಅಂತ ಗದರಿದರು. ಎಷ್ಟು ದಿನದ ಕೋಪವೋ ಏನೋ, ಎರಡನೆಯದು ಸರಿಯಾಗಿಯೇ ಬಿತ್ತು. ಪಟೇಲರು ‘ಅಯ್ಯಪ್ಪಾ’ ಅಂತ ನೆಟ್ಟಗೆ ನಿಂತರು. ಹುಡುಗನಿಗೆ ನಾಲ್ಕಾಣೆ, ಒಂದು ಅಚ್ಚು ಬೆಲ್ಲ. ಹಿಡಿದ ಸೊಂಟ ಎಷ್ಟೋ ಸಲ ಮೂರು ನಾಲ್ಕು ದಿನಕ್ಕೆ ತಾನೇ ಸಡಿಲಾಗುತ್ತೆ ಅನ್ನೋದು ಗೊತ್ತಿದ್ದರೂ ಆ ನಾಲ್ಕಾಣೆ ನ್ಯಾಯವಾದದ್ದು ಅಂತ ನನಗೆ ಈಗಲೂ ಅನ್ನಿಸುತ್ತೆ.

ಹಲ್ಲಿನ ವಿಷಯದಲ್ಲಿ ಮಾತ್ರ ನಾವು ಸೋತೆವು. ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಇದ್ದಿಲು, ಉಪ್ಪು, ನೆಂಟರು ಬಂದಾಗ ನಂಜನಗೂಡು ಹಲ್ಲುಪುಡಿ. ಆ ಪುಡಿಯಲ್ಲಿ ಉಜ್ಜಿದ್ದಕ್ಕಿಂತ ತಿಂದದ್ದೇ ಜಾಸ್ತಿ. ಸೇದೋ ಬಾವಿ ಬತ್ತಿ ಬೋರ್‌ವೆಲ್ ಬಂದಮೇಲೆ ಹುಟ್ಟಿದ ಮಕ್ಕಳ ಹಲ್ಲೆಲ್ಲ ಹಳದಿ, ಕಂದು ಗೆರೆ. ಅವರನ್ನು ಹಿಡಿದು ಇದ್ದಿಲಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ತಪ್ಪು ಮಕ್ಕಳದಲ್ಲ, ಆಳದ ನೀರಿನ ಫ್ಲೋರೈಡಿನದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಬಲಿಯುವ ವಯಸ್ಸಿನಲ್ಲಿ ಕುಡಿದರೆ ಕಲೆ ಹಲ್ಲಿನ ಒಳಗಿನಿಂದಲೇ ಬರುತ್ತೆ, ಮೇಲೆ ಉಜ್ಜಿ ಪ್ರಯೋಜನವಿಲ್ಲ. ನಮ್ಮ ಕಡೆ, ಬಾಗೇಪಲ್ಲಿ ಕಡೆ, ಆಚೆ ಪಾವಗಡದಲ್ಲಿ ಇದು ಮನೆಮನೆ ಕಥೆ. ಬೈಸಿಕೊಂಡ ಆ ಮಕ್ಕಳ ಪರವಾಗಿ ಇದೊಂದು ಮಾತು ಬರೆದಿಡುತ್ತಿದ್ದೇನೆ.

ಸ್ನಾನದ ಸೋಪು ಅಂದರೆ ಮೈಸೂರು ಸ್ಯಾಂಡಲ್, ಆದರೆ ಅದು ಸ್ನಾನಕ್ಕಲ್ಲ. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ವಾಸನೆಗೆ ಇಡೋದಕ್ಕೆ. ಮೈಸೂರು ಸರ್ಕಾರ ಆ ಕಾರ್ಖಾನೆ ಶುರು ಮಾಡಿದಾಗ ದಿವಾನರಾಗಿದ್ದವರು ನಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ‘ನಮ್ಮೋರ ಸೋಪು’ ಅಂತ ಅತ್ತಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳೇ ಹೊರತು ಒಂದು ದಿನವೂ ಮೈಗೆ ಹಚ್ಚಿದವಳಲ್ಲ. ಹೊಸ ಅಳಿಯ ದೀಪಾವಳಿಗೆ ಬಂದಾಗ ಟ್ರಂಕಿನಿಂದ ಒಂದು ಈಚೆ ಬಂತು. ಆತ ಎರಡು ದಿನ ಉಜ್ಜಿದ. ಅವನ ಬಸ್ಸು ಊರು ದಾಟುವಷ್ಟರಲ್ಲಿ ಅತ್ತಮ್ಮ ಸೋಪನ್ನು ಒಣಗಿಸಿ, ಮೇಲಿದ್ದ ಕೂದಲು ಆರಿಸಿ, ಸೀರೆಯ ಮಧ್ಯಕ್ಕೆ ಸೇರಿಸಿದ್ದಳು.

ನಗು ಬರದ ಸಂಗತಿಗಳೂ ಇದ್ದವು. ಹಸುಗೂಸಿನ ಹೊಕ್ಕುಳಿಗೆ ಸಗಣಿ ಬೂದಿ ಹಚ್ಚುತ್ತಿದ್ದರು, ಧನುರ್ವಾಯುವಿಗೆ ಅದೇ ಬಾಗಿಲು. ಎಳೇ ಮಕ್ಕಳ ಮೂಗಿಗೆ ಎಣ್ಣೆ ಬಿಡುತ್ತಿದ್ದರು, ಅದು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುತ್ತಿದ್ದರು, ಕೆಲವರು ಕೈಗೆ ಬರೆಯನ್ನೂ ಹಾಕಿಸುತ್ತಿದ್ದರು. ಹೇನಿಗೆ ಸೀಮೆಎಣ್ಣೆ ಹಚ್ಚಿಕೊಂಡು ಒಲೆ ಮುಂದೆ ಕೂರುವವರನ್ನು ಕಂಡಿದ್ದೇನೆ. ನಮ್ಮ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿ ಮಾಡಿದವರು. ಅಂಥವರು ಹುಟ್ಟಿದ ಮಣ್ಣಿನಲ್ಲೇ ನಾವು ಇಷ್ಟನ್ನೂ ಮಾಡುತ್ತಿದ್ದೆವು. ಅತ್ತಮ್ಮನನ್ನು ಮಾತ್ರ ಒಂದು ವಿಷಯಕ್ಕೆ ಮೆಚ್ಚಬೇಕು. ಜ್ವರ ಮೂರು ದಿನ ದಾಟಿದರೆ ಅವಳೇ ಬಂಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸುತ್ತಿದ್ದಳು. ಬಂಡಿ ಹೊರಡುವ ಮುಂಚೆ ಅಚ್ಚಿಗೆ ಹರಳೆಣ್ಣೆ.

ನೀವು ಮನೆಮದ್ದು ಮಾಡಬೇಕು ಅಂತಿದ್ದರೆ ನೆಗಡಿಗೆ ಮೆಣಸು ಹಾಕಿದ ಹುರುಳಿಕಟ್ಟಿನ ಸಾರು, ಕೆಮ್ಮಿಗೆ ದೊಡ್ಡಪತ್ರೆ ರಸ, ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಸಾರು ನೆಗಡಿ ಓಡಿಸುತ್ತೋ ಇಲ್ಲವೋ, ಮುದ್ದೆ ಅಂತೂ ಒಳಗೆ ಹೋಗುತ್ತೆ. ಹರಳೆಣ್ಣೆ ತಂಟೆಗೆ ವೈದ್ಯರನ್ನು ಕೇಳದೆ ಹೋಗಬೇಡಿ, ಅದರಲ್ಲೂ ಬಸುರಿ ಹೆಂಗಸರು ಮುಟ್ಟಲೇಬಾರದು.

ಮೊನ್ನೆ ಬೆಂಗಳೂರಿನ ಮಗನ ಮನೆಯಲ್ಲಿದ್ದೆ. ಮೊಮ್ಮಗಳು ಒಂದು ಪುಟಾಣಿ ಬಾಟ್ಲಿ ಹಿಡಿದು ಕನ್ನಡಿ ಮುಂದೆ ಕೂತಿದ್ದಳು. ಹುಬ್ಬು ದಟ್ಟವಾಗಿ ಬರುತ್ತಂತೆ, ಆನ್‌ಲೈನಿನಲ್ಲಿ ತರಿಸಿದ್ದು, ರೇಟು ಕೇಳಬೇಡಿ. ‘ತಾತಾ, ಕ್ಯಾಸ್ಟರ್ ಆಯಿಲ್, ವಾಸನೆ ನೋಡು’ ಅಂತ ಮೂಗಿನ ಹತ್ತಿರ ತಂದಳು. ಅರವತ್ತು ವರ್ಷ ಆಗಿದೆ. ನಾನು ಕೂತಲ್ಲಿಂದ ಎದ್ದು, ಬಾಲ್ಕನಿಯಲ್ಲಿದ್ದ ತುಳಸಿ ಕುಂಡದ ಕಡೆ ನೋಡಿದೆ.